ಹಳೇ ಗೇಮಿಗೆ ಹೊಸಾ ಸಪ್ಪಳ

"ಸಪ್ಪಳ ಬರಾಕತ್ತಿಲ್ಲ" ಅಂತ ಯಾರಾದರೂ ಫೋನ್ ಮಾಡಿದರೆ ನನಗೆ ಏನೂ ಅನಿಸುವುದಿಲ್ಲ. ಹೋಗಿ ಸರಿ ಮಾಡಿ ಬರುತ್ತೇನೆ. "ಸಪ್ಪಳ ಬಂತ್ರಿ" ಅಂತ ಫೋನ್ ಬಂದರೆ ಮಾತ್ರ ಎದೆ ಡವಡವ ಅನ್ನುತ್ತದೆ. ಎಲ್ಲಿ ಬಂತು, ಯಾರ ಎದುರಿಗೆ ಬಂತು, ಬಂದಾಗ ಅವರ ಕೈಯಲ್ಲಿ ಏನಿತ್ತು, ಇಷ್ಟು ತಿಳಿಯುವ ತನಕ ಕೂತಲ್ಲಿ ಕೂರಲಾಗುವುದಿಲ್ಲ. ನನ್ನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ನಾವು ಸಣ್ಣವರಿದ್ದಾಗ ಟಿವಿಗೆ ಹಚ್ಚಿ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳು ನೆನಪಿರಬೇಕು. ಆ ಮಷಿನ್‌ಗಳು ಈಗ ಮೂಲೆ ಸೇರಿವೆ. ಆದರೆ ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಮ್ ಇದೆ, ಅದು ಕಂಪ್ಯೂಟರಿಗೆ ಆ ಹಳೇ ಮಷಿನ್ನಿನ ವೇಷ ಹಾಕಿಸುತ್ತದೆ. ಜನ ತಮ್ಮ ಮನೆಯ ಕ್ಯಾಸೆಟ್ ತಂದುಕೊಟ್ಟರೆ ಅದರೊಳಗಿನ ಗೇಮನ್ನು ನಾನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಹಳೇ ಗೇಮಿನ ಸಂಗೀತ ಅಂದರೆ ಗೊತ್ತಲ್ಲ, ಕಬ್ಬಿಣದ ಡಬ್ಬಿಯಲ್ಲಿ ಜೀರುಂಡೆ ಕೂಡಿಹಾಕಿದ ಹಾಗೆ. ಅದೇ ಧಾಟಿಯನ್ನು ಪ್ರೀತಿಯುಳ್ಳ ಜನ ಎಲ್ಲೆಲ್ಲೋ ಕೂತು ನಿಜವಾದ ಪಿಟೀಲು, ಕಹಳೆ, ನಗಾರಿಯಲ್ಲಿ ಮತ್ತೆ ನುಡಿಸಿ ಇಟ್ಟಿರುತ್ತಾರೆ. ಅದಕ್ಕೆ ಆಡಿಯೋ ಮಾಡ್ ಅನ್ನುತ್ತಾರೆ. ಅದನ್ನು ಹಳೇ ಗೇಮಿಗೆ ಜೋಡಿಸುವುದರಲ್ಲಿ ಈ ಕಡೆಯ ನಾಲ್ಕು ತಾಲೂಕಿಗೆ ನಾನೊಬ್ಬನೇ. ಹಾಗಾಗಿ ಬೈಸಿಕೊಳ್ಳುವವನೂ ನಾನೊಬ್ಬನೇ.

ಸಿಂದಗಿ: ಬಾಯಿ ತೆರೆದವರು

ಸಿಂದಗಿಯ ಹಲ್ಲಿನ ಡಾಕ್ಟರೊಬ್ಬರು ನನ್ನನ್ನು ಕರೆಸಿದರು. ಅವರ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂತವರು, ಒಳಗಿನ ಯಂತ್ರದ ಗುಂಯ್ ಅನ್ನುವ ಸಪ್ಪಳ ಕೇಳಿ ಎದ್ದು ಮನೆಗೆ ಹೋಗಿಬಿಡುತ್ತಿದ್ದರಂತೆ. "ಹೊರಗ ಒಂದ ಟಿವಿ ಇಟ್ಟು ಗೇಮ್ ಹಚ್ಚೂಣ್ರಿ. ಆಡ್ಕೋತ ಕುಂತ್ರ ಓಡಿ ಹೋಗಾಂಗಿಲ್ಲ" ಅಂದರು.

ಕಂಪ್ಯೂಟರ್ ಇದ್ದದ್ದು ಡಾಕ್ಟರ ಕುರ್ಚಿಯ ಹಿಂದೆ, ಒಳಕೋಣೆಯಲ್ಲಿ. ಅಲ್ಲಿಂದ ವೈರ್ ಎಳೆದು ಹೊರಗಿನ ಟಿವಿಗೆ ಹಚ್ಚಿದೆ. ಒಳ್ಳೆಯ ಆಡಿಯೋ ಮಾಡ್ ಹಾಕಿದ್ದೆ. ಕಾಡು, ನದಿ, ಹಕ್ಕಿ, ಎಲ್ಲಾ ಹಿತವಾದ ಸಂಗೀತ. ಪರೀಕ್ಷೆ ಮಾಡೋಣ ಅಂತ ಹೊರಗೆ ಬೆಂಚಿನ ಮೇಲೆ ಕೂತು ಆಡಲಿಕ್ಕೆ ಶುರು ಮಾಡಿದೆ. ಚಿತ್ರ ಬಂತು, ಸಪ್ಪಳ ಇಲ್ಲ. ವಾಲ್ಯೂಮ್ ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಇಲ್ಲ. ಪೂರ್ತಿ ಏರಿಸಿ, ಮುಂದಿನ ಹಂತಕ್ಕೆ ಹೋದರೆ ಬರಬಹುದು ಅಂದುಕೊಂಡು ಗವಿಯೊಳಗೆ ಕಾಲಿಟ್ಟೆ. ಆ ಗವಿಯಲ್ಲಿ ರಾಕ್ಷಸ ಇರುತ್ತಾನೆ.

ಅದೇ ಹೊತ್ತಿಗೆ ಒಳಗೆ ಊರಿನ ಪೊಲೀಸ್ ಇನ್‌ಸ್ಪೆಕ್ಟರ್ ಬಾಯಿ ತೆರೆದು ಕೂತಿದ್ದರು. ದವಡೆ ಹಲ್ಲು ಅಲುಗಾಡುತ್ತಿತ್ತು, ಕೀಳಬೇಕಿತ್ತು. ಆದರೆ ಅವರು ಸೂಜಿಗೆ ಒಪ್ಪುತ್ತಿರಲಿಲ್ಲ. "ಸೂಜಿ ಬಿಟ್ಟು ಬ್ಯಾರೇ ಏನರ ಮಾಡ್ರಿ" ಅಂತ ಬಹಳ ಹೊತ್ತಿನಿಂದ ವಾದ ನಡೆದಿತ್ತು. ಹಲ್ಲು ಎಷ್ಟು ಸಡಿಲಾಗಿದೆ ನೋಡೋಣ ಅಂತ ಡಾಕ್ಟರು ಇಕ್ಕಳದಲ್ಲಿ ಅದನ್ನು ಹಿಡಿದಿದ್ದರು, ಅಷ್ಟೇ.

ಗೋಡೆಯಾಚೆಯಿಂದ ನಗಾರಿ, ಕಹಳೆ, ಮೇಲೊಂದು ರಾಕ್ಷಸನ ಗರ್ಜನೆ ಕೇಳಿಸಿತು. ಟಿವಿಗೆ ಬರಬೇಕಾದ ಸಪ್ಪಳವೆಲ್ಲ ಒಳಗೆ ಡಾಕ್ಟರ ಬೆನ್ನ ಹಿಂದಿನ ಸ್ಪೀಕರಿಗೆ ಹೋಗುತ್ತಿದೆ ಅಂತ ನನಗೆ ಆಗ ತಿಳಿಯಿತು. ಓಡಿ ಹೋಗಿ ಹೊರಗಿನ ಮೇನ್ ಸ್ವಿಚ್ ಆರಿಸಿದೆ. ಆಮೇಲೆ ಒಳಗೆ ಪೂರ್ತಿ ನಿಶ್ಶಬ್ದ. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ, "ಇನ್ಸ್‌ಪೆಕ್ಟರ್ ಹೋದ್ನೇನ ತಮ್ಮಾ?" ಅಂತ ಮೆಲ್ಲಗೆ ಕೇಳಿದಳು.

ಬಾಗಿಲು ತೆರೆಯಿತು. ಡಾಕ್ಟರು ಬಂದರು, ಮುಖ ಸುಣ್ಣದ ಹಾಗೆ. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಹಲ್ಲು.

"ಸರಿಯಾದ ಹಲ್ಲ ಬಂದೈತ್ರೀ ಸರ?" ಅಂತ ಕೇಳಿದೆ.

"ದೇವರ ದಯಾದಿಂದ ಅದ ಬಂದೈತಿ" ಅಂದರು.

ಹಿಂದೆಯೇ ಇನ್‌ಸ್ಪೆಕ್ಟರು ಗಲ್ಲಕ್ಕೆ ಹತ್ತಿ ಒತ್ತಿಕೊಂಡು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಆಗಲೇ ಠಾಣೆಯ ಬೆಂಚಿನ ಮೇಲೆ ಕೂತ ಹಾಗಿತ್ತು. ಅವರು ಡಾಕ್ಟರ ಕಡೆ ತಿರುಗಿ, ಹತ್ತಿಯ ಸಂದಿಯಿಂದ ಹೇಳಿದರು: "ಡಾಕ್ಟ್ರ, ಬಲಗಡೆ ಇನ್ನೊಂದ ಐತಿ. ಅದಕ್ಕೂ ಇದನ್ನ ಹಚ್ರಿ. ನೋವ ಗೊತ್ತ ಆಗ್ಲಿಲ್ಲ."

ಮಸೂತಿ: ಹೆಸರಿನ ಜಗಳ

ಇದು ಫೋನಿನಲ್ಲೇ ನಡೆದದ್ದು. ಮಸೂತಿಯ ರೈತರೊಬ್ಬರು ತಮ್ಮ ಇಬ್ಬರು ಮಕ್ಕಳಿಗಾಗಿ ಗೇಮ್ ಹಾಕಿಸಿಕೊಂಡು ಹೋಗಿದ್ದರು. ಮಾರನೇ ದಿನವೇ ಫೋನ್. "ಸಪ್ಪಳ ಬಂದ್ ಆಗೈತ್ರಿ. ಹುಡುಗ್ರು ನಿನ್ನೆಯಿಂದ ಊಟ ಬಿಟ್ಟಾವು. ಮನ್ಯಾಕಿ ನನ್ನ ಮ್ಯಾಲ ಸಿಟ್ಟ ಮಾಡ್ಯಾಳ. ಲಗೂನ ಏನರ ಹೇಳ್ರಿ."

ಈ ಆಡಿಯೋ ಮಾಡಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಗೇಮಿನ ಫೈಲಿಗೆ ಏನು ಹೆಸರೋ, ಹಾಡಿನ ಫೈಲಿಗೂ ಅದೇ ಹೆಸರಿರಬೇಕು. ಒಂದಕ್ಷರ ಬದಲಾದರೂ ಎಮ್ಯುಲೇಟರ್ ಹಾಡನ್ನು ಗುರುತು ಹಿಡಿಯುವುದಿಲ್ಲ.

"ಹೆಸರು ಏನರ ಬದಲ ಮಾಡೀರೇನ್ರಿ?"

"ಹೌದ್ರಿ. ಗೇಮ್ ನಂದು ನಂದು ಅಂತ ಇಬ್ಬರೂ ಹೊಡದಾಡಾಕತ್ತಿದ್ರು. ಅದಕ್ಕ ಗೇಮಿಗೆ ದೊಡ್ಡಾವನ ಹೆಸರ ಇಟ್ಟೇನಿ, ಹಾಡಿಗೆ ಸಣ್ಣಾವನ ಹೆಸರ ಇಟ್ಟೇನಿ. ಸಮಾ ಹಂಚೇನಿ."

"ಹಂಗ ಹಂಚಾಕ ಬರಂಗಿಲ್ರಿ. ಎರಡಕ್ಕೂ ಒಂದ ಹೆಸರ ಬೇಕು."

ಆ ಕಡೆ ಹಿಂದುಗಡೆ ಪಾತ್ರೆ ಜೋರಾಗಿ ಇಡುವ ಸಪ್ಪಳ ಕೇಳಿತು. ಆಮೇಲೆ "ನಾ ನೋಡ್ಕೋತೇನಿ" ಅಂತ ಇಟ್ಟುಬಿಟ್ಟರು.

ಸಂಜೆ ನಾನೇ ಫೋನ್ ಮಾಡಿ ಏನಾಯಿತು ಅಂತ ಕೇಳಿದೆ. "ಯಾರದ ಇಟ್ರೂ ಇನ್ನೊಬ್ಬ ಅಳತಾನ. ಅದಕ್ಕ ಎರಡಕ್ಕೂ ನನ್ನ ಹೆಸರ ಇಟ್ಟೇನಿ" ಅಂದರು. "ಈಗ ಗೇಮಿನ್ಯಾಗ ಸಪ್ಪಳ ಬಂದೈತ್ರಿ. ಮನ್ಯಾಗ ಬಂದ್ ಆಗೈತಿ. ಮೂವರೂ ನನ್ನ ಜೋಡಿ ಮಾತ ಬಿಟ್ಟಾರ."

ಮುದ್ದೇಬಿಹಾಳ: ಕೈ ಮೇಲೆ

ಮುದ್ದೇಬಿಹಾಳದ ಒಬ್ಬ ಬಟ್ಟೆ ವ್ಯಾಪಾರಿ ಯುದ್ಧದ ಗೇಮಿನ ಹುಚ್ಚಿನವರು. ಅಂಗಡಿಯ ಮೇಲಿನ ಕೋಣೆಯಲ್ಲಿ ದೊಡ್ಡ ಟಿವಿ ಇಟ್ಟುಕೊಂಡಿದ್ದರು. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. "ಹಳೇ ಗೇಮಿನ್ಯಾಗ ಗುಂಡ ಹಾರಿಸಿದ್ರ ಪುಟಾಣಿ ಹುರದಂಗ ಕೇಳ್ತೈತ್ರಿ. ಖರೇ ಬಂದೂಕಿನ ಸಪ್ಪಳ ಬೇಕು" ಅಂದರು. ಅಂಥದೂ ಒಂದು ಮಾಡ್ ಇದೆ, ನಿಜವಾದ ಬಂದೂಕುಗಳನ್ನು ಸಿಡಿಸಿ ಧ್ವನಿಮುದ್ರಣ ಮಾಡಿದ್ದು. ಅದನ್ನೇ ಹಾಕಿದೆ.

ಹಾಕುವಾಗ ಒಂದನ್ನು ವಿಚಾರ ಮಾಡಲಿಲ್ಲ. ಅಂಗಡಿಯ ಪಕ್ಕದ ಕಟ್ಟಡ ಬ್ಯಾಂಕು.

ನಾನು ಗೇಮ್ ಆಡುವ ರಿಮೋಟ್ ಹಿಡಿದು ಮೊದಲ ಸುತ್ತು ಗುಂಡು ಹಾರಿಸಿದೆ. ಕಿಟಕಿಯ ಗಾಜು ನಡುಗಿತು. ವ್ಯಾಪಾರಿ ಕಣ್ಣು ಮುಚ್ಚಿ, "ಹಾಂ, ಇದ ನೋಡ್ರಿ" ಅಂದರು. ಇನ್ನೆರಡು ಸುತ್ತು ಹಾರಿಸಿದೆ. ಕೆಳಗೆ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು ಸೀರೆಯ ರಾಶಿಯ ಹಿಂದೆ ಮಲಗಿದ್ದಾರೆ, ರಸ್ತೆಯಲ್ಲಿ ಶಟರ್ ಎಳೆಯುತ್ತಿದ್ದಾರೆ ಅನ್ನುವುದು ನಮಗೆ ಗೊತ್ತಿಲ್ಲ. ನಮಗೆ ಕೇಳುತ್ತಿದ್ದದ್ದು ಯುದ್ಧ ಒಂದೇ.

ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿ, ಈ ಮಾಡ್ ಎಷ್ಟು ಛಲೋ ಮಾಡಿದ್ದಾರೆ ಅಂದುಕೊಂಡೆ. ಆಮೇಲೆ ಬಾಗಿಲು ತೆರೆಯಿತು. ಬ್ಯಾಂಕಿನ ಕಾವಲುಗಾರ. ದಪ್ಪ ಮೀಸೆ, ಖಾಕಿ ಅಂಗಿ, ಜೋಡುನಳಿಗೆಯ ಬಂದೂಕು. ನಳಿಗೆ ಎರಡೂ ನನ್ನ ಕಡೆ.

"ಕೈ ಮ್ಯಾಲ."

ನಾನು ಕೈ ಮೇಲೆ ಮಾಡಿದೆ. ಕೈಯಲ್ಲಿ ಕಪ್ಪು ರಿಮೋಟ್ ಇತ್ತು. ಭಯಕ್ಕೆ ಬೆರಳು ಗುಂಡಿಯ ಮೇಲೆ ಬಿಗಿಯಾಗಿ ಕೂತಿತ್ತು, ಹಾಗಾಗಿ ನಾಲ್ಕೂ ಮೂಲೆಯಿಂದ ಗುಂಡು ಹಾರುತ್ತಲೇ ಇತ್ತು. ಅವನು ಒಂದು ಮೂಲೆಗೆ ತಿರುಗಿದ, ಇನ್ನೊಂದಕ್ಕೆ ತಿರುಗಿದ. ಯಾವ ಮೂಲೆಯಲ್ಲೂ ಜನ ಇಲ್ಲ, ಗುಂಡು ಮಾತ್ರ ಬರುತ್ತಿದೆ. ಬಂದೂಕಿನ ತುದಿ ಗಾಳಿಗೆ ಜೋಳದ ತೆನೆ ಅಲುಗುವ ಹಾಗೆ ಅಲುಗುತ್ತಿತ್ತು.

"ಕೈಯಾಗಿಂದ ಕೆಳಗ ಇಡ್ರಿ" ಅಂದ.

ಬಗ್ಗಿ ಮೆಲ್ಲಗೆ ನೆಲಕ್ಕೆ ಇಟ್ಟೆ. ಇಡುವಾಗ ಇನ್ನೊಂದು ಗುಂಡಿ ಒತ್ತಿತು. ಅದು ಬಾಂಬಿನ ಗುಂಡಿ. ಕೋಣೆ ಢಂ ಅಂದಿತು. ಕಾವಲುಗಾರ ಬಂದೂಕು ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ನೆಲಕ್ಕೆ ಅಂಗಾತ ಬಿದ್ದೆ. ವ್ಯಾಪಾರಿ ಗೋಡೆಗೆ ಆತುಕೊಂಡು ಹೋಗಿ ಪ್ಲಗ್ ಕಿತ್ತರು. "ಗೇಮ್ ರೀ ಭಾಯ್, ಗೇಮ್" ಅಂದರು, ಅಳುವವರ ಹಾಗೆ.

ಕಾವಲುಗಾರ ಟಿವಿ ನೋಡಿದ, ಸ್ಪೀಕರ್ ನೋಡಿದ, ನನ್ನನ್ನು ನೋಡಿದ. ಕೆಳಗೆ ಹೋಗಿ "ಏನಿಲ್ಲ, ಏನಿಲ್ಲ" ಅಂತ ಜನರನ್ನು ಕಳಿಸಿ ಮತ್ತೆ ಮೇಲೆ ಬಂದ. ಈಗ ಪೊಲೀಸರಿಗೆ ಹೇಳುತ್ತಾನೆ ಅಂತ ನಾವಿಬ್ಬರೂ ಎದ್ದು ನಿಂತೆವು. ಅವನು ಬಾಗಿಲು ಹಾಕಿ, ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ.

"ಜೋಡುನಳಿಗೀದ ಸಪ್ಪಳ ಅದ್ರಾಗ ಐತೇನ್ರಿ?" ಅಂತ ಕೇಳಿದ. "ಇದ್ರ ಒಮ್ಮೆ ಹಚ್ರಿ. ನೌಕರಿ ಸೇರಿದಾಗಿಂದ ಹೊತ್ಕೊಂಡ ತಿರಗಾಕತ್ತೇನಿ. ಇದು ಹೆಂಗ ಮಾತಾಡ್ತೈತಿ ಅಂತ ಒಂದ ದಿನಾನೂ ಕೇಳಿಲ್ಲ."

ಬಾಗೇವಾಡಿ: ಪಾನದಾನದ ಪಂದ್ಯ

ಸಾಲೆಯಲ್ಲಿ ನನಗೆ ಕಲಿಸಿದ ಅಕ್ಕೋರು ಒಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ನಿವೃತ್ತರು. ಅವರಿಗೂ ತಂಗಡಗಿಯಲ್ಲಿರುವ ಅವರ ತಮ್ಮನಿಗೂ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತದೆ. ಮಕ್ಕಳಿಗಾಗಿ ಕೊಂಡ ಗೇಮು ಅದು. ಮಕ್ಕಳು ಬಿಟ್ಟರೂ ಇವರು ಬಿಟ್ಟಿಲ್ಲ. ಗೆದ್ದವರ ಮನೆಗೆ ತಾಯಿಯ ಹಿತ್ತಾಳೆ ಪಾನದಾನ, ಅಂದರೆ ಎಲೆಅಡಿಕೆ ಡಬ್ಬಿ, ಹೋಗಬೇಕು. ಮುಂದಿನ ಪಂದ್ಯದ ತನಕ ಅಲ್ಲೇ ಇರಬೇಕು. ಅದು ಯಾವತ್ತೂ ಅಕ್ಕೋರ ಮನೆ ಬಿಟ್ಟು ಹೋದದ್ದಿಲ್ಲ.

ಈ ಸಲ ಅವರ ಹಳೇ ಮಷಿನ್ ಕೆಟ್ಟಿತು. ನಾನು ಎಮ್ಯುಲೇಟರಿನಲ್ಲಿ ಅದೇ ಗೇಮ್ ಹಾಕಿ, ಗುರುದಕ್ಷಿಣೆ ಅಂತ ಒಂದು ಭರ್ಜರಿ ಆಡಿಯೋ ಮಾಡ್ ಜೋಡಿಸಿಕೊಟ್ಟೆ. ಪಂದ್ಯದ ದಿನ ಬೆಳಿಗ್ಗೆ ಅವರಿಂದ ಕರೆ ಬಂತು. ಹೋಗಿ ನೋಡಿದರೆ ಅಕ್ಕೋರು ಬೆವತಿದ್ದರು. ಮೊದಲನೇ ಹಂತದ ಹಳ್ಳಕ್ಕೇ ಬೀಳುತ್ತಿದ್ದರು.

"ಏನ ಮಾಡಿದ್ಯೋ ಇದಕ್ಕ?" ಅಂದರು. "ನಾ ಕಣ್ಣಿಲೆ ಆಡಾಕಿ ಅಲ್ಲ, ಕಿವಿಲೆ ಆಡಾಕಿ. ಟುಂಯ್ ಅಂದಾಗ ಜಿಗೀಬೇಕು. ನೀ ಹಾಕಿದ್ದರಾಗ ಟುಂಯ್ ಎಲ್ಲೈತಿ? ಪಿಟೀಲಿನ್ಯಾಗ ಕಳದ ಹೋಗೈತಿ."

"ಹಳೇದ ಹಾಕ್ತೇನ್ರಿ ಅಕ್ಕೋರ. ಒಂದ ಕೀ ಒತ್ತಿದ್ರ ಹಳೇದು, ಮತ್ತ ಒತ್ತಿದ್ರ ಹೊಸಾದು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಾಗಿಲಲ್ಲಿ ಆಟೋ ನಿಂತ ಸಪ್ಪಳವಾಯಿತು, ತಮ್ಮ ಬಂದಿದ್ದರು. "ಯಾವಾಗ ಬೇಕಾದ್ರೂ ಒತ್ತಾಕ ಬರ್ತೈತೇನು?" ಅಂತ ಮೆಲ್ಲಗೆ ಕೇಳಿದರು. ಹೌದು ಅಂದೆ. "ಹಂಗಾರ ಇಲ್ಲೇ ಕೂಡು. ನನ್ನ ಪಾಳಿಗೆ ಹಳೇದು, ಅವನ ಪಾಳಿಗೆ ಹೊಸಾದು."

ಸಾಲೆಯಲ್ಲಿ ಅವರ ಎದುರಿಗೆ ಬಾಯಿ ತೆರೆಯದವನು ಈಗ ತೆರೆಯುತ್ತೇನೆಯೇ? ಕೂತೆ. ತಮ್ಮ ಬಲು ಹುಷಾರಿನ ಮನುಷ್ಯ, ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಪ್ರತಿ ಪಾಳಿ ಬದಲಾದಾಗ ನಾನು ಮೆಲ್ಲಗೆ ಕೀ ಒತ್ತುತ್ತಿದ್ದೆ. ಅಕ್ಕೋರು ಆಡುವಾಗ ಟುಂಯ್ ಟುಂಯ್; ಹಳ್ಳ, ಮುಳ್ಳು, ಬೆಂಕಿ ಎಲ್ಲವನ್ನೂ ಹಾರಿಕೊಂಡು ಹೋದರು. ತಮ್ಮ ಆಡುವಾಗ ಪಿಟೀಲು, ಕೊಳಲು, ತುತ್ತೂರಿ. ಅವರು ತಾಳ ಸಿಗದೆ ಹಳ್ಳದ ಮೇಲೆ ಹಳ್ಳಕ್ಕೆ ಬಿದ್ದರು. ಕೊನೆಗೆ ರಿಮೋಟ್ ಕೆಳಗಿಟ್ಟು ನನ್ನ ಕಡೆ ನೋಡಿದರು. ಆಮೇಲೆ ಅಕ್ಕನ ಕಡೆ ನೋಡಿದರು.

"ಆಪಾ, ನೀ ಆಡೂಮುಂದ ಡಬ್ಬಿ ಬಡದಂಗ ಕೇಳ್ತೈತಿ. ನಾ ಆಡೂಮುಂದ ಮದುವಿ ಮೆರವಣಿಗಿ ಯಾಕ ಬರ್ತೈತಿ?"

ಅಕ್ಕೋರು ಪಾನದಾನ ಹತ್ತಿರ ಎಳೆದುಕೊಂಡು ಒಂದು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ನೀ ಅತಿಥಿ ಅಲ್ಲೇನೋ. ಮನ್ಯಾಗಿನ ಛಲೋದೆಲ್ಲಾ ನಿನಗ ಕೊಡಬೇಕಲ್ಲ."

ಇಂಡಿ: ಒಳಗೆ ಸತ್ತವರು

ಇಂಡಿಯಲ್ಲಿ ಒಬ್ಬ ನಿಂಬೆಹಣ್ಣಿನ ವ್ಯಾಪಾರಿ. ಅವರ ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನನ್ನನ್ನು ಕಾಕಾ ಅನ್ನುತ್ತಾಳೆ. ಅವಳ ಹಾಗೆ ಗೇಮ್ ಆಡುವವರನ್ನು ನಾನು ನೋಡಿಲ್ಲ. ಎಮ್ಯುಲೇಟರಿನಲ್ಲಿ ನಡುವೆ ಎಲ್ಲಿ ಬೇಕಾದರೂ ಆಟ ಉಳಿಸಿಟ್ಟುಕೊಳ್ಳುವ ಸೌಲಭ್ಯ ಇದೆ. ಅದನ್ನು ಬಳಸುವವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಾನು ಹಾಕಿಕೊಟ್ಟ ಮಾಡಿನಲ್ಲಿ ಒಂದು ದೋಷ ಇತ್ತು. ಆಟ ನಿಲ್ಲಿಸುವ ಗುಂಡಿ ಒತ್ತಿದರೆ ಗೇಮ್ ಪೂರ್ತಿ ಸತ್ತುಹೋಗುತ್ತಿತ್ತು. ಅದನ್ನು ಸರಿ ಮಾಡಲಿಕ್ಕೆ ಆ ದಿನ ಹೋಗಿದ್ದೆ. ಹೋದಾಗ ಅವಳು ಕೊನೇ ಹಂತದಲ್ಲಿದ್ದಳು, ಕೋಟೆಯೊಳಗೆ. ಇಲ್ಲಿಯ ತನಕ ಒಮ್ಮೆಯೂ ಮುಟ್ಟಿರಲಿಲ್ಲವಂತೆ. "ಇದೊಂದ ಮುಗೀಲಿ ಕಾಕಾ, ಆಮ್ಯಾಲ ರಿಪೇರಿ ಮಾಡ್ರಿ" ಅಂದಳು.

ಅಷ್ಟರಲ್ಲಿ ತಂದೆ ಗಾಬರಿಯಿಂದ ಒಳಗೆ ಬಂದರು. ಸಾಲೋಟಗಿ ಕಡೆಯಿಂದ ಹೆಣ್ಣು ನೋಡಲಿಕ್ಕೆ ಸಂಜೆಗೆ ಬರಬೇಕಾದವರು ಈಗಲೇ ಬಾಗಿಲಲ್ಲಿ ಇಳಿಯುತ್ತಿದ್ದಾರೆ. ಛಲೋ ಮನೆತನ. ಈ ಸಂಬಂಧ ತಪ್ಪಬಾರದು ಅಂತ ಮನೆಯವರೆಲ್ಲ ಬಹಳ ಆಸೆ ಇಟ್ಟುಕೊಂಡಿದ್ದರು. "ಲಗೂನ ಏಳವಾ. ಆ ಸಪ್ಪಳ ಬಂದ್ ಮಾಡು" ಅಂದರು.

ಅವಳು ಕಂಪ್ಯೂಟರಿನ ಪಕ್ಕದ ಸ್ಪೀಕರ್ ಬಂದ್ ಮಾಡಿದಳು. ಆಟ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಕೋಟೆ ಹೋಯಿತು. ರಿಮೋಟನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಳ್ಳುತ್ತಾ ಹೇಳಿದಳು: "ಕಾಕಾ, ನಾ ಬರೂತನಕ ಸಾಯಬ್ಯಾಡ್ರಿ."

ಗೇಮ್ ಹಾಕುವುದು ಬೇರೆ, ಆಡುವುದು ಬೇರೆ. ನಾನು ಹಾಕುವವನು. ಬಾವಲಿ, ಬೆಂಕಿ, ಮೇಲಿಂದ ಬೀಳುವ ಕಲ್ಲು. ಕೈ ಬೆವತು ರಿಮೋಟ್ ಜಾರುತ್ತಿತ್ತು. ಬಾಗಿಲ ಪರದೆಯ ಆಚೆ ಮುಂದಿನ ಕೋಣೆಯಲ್ಲಿ ಮಾತು ಶುರುವಾಗಿತ್ತು. ನಡುನಡುವೆ ಅಲ್ಲಿಂದ ಸಂಗೀತವೂ ಕೇಳುತ್ತಿತ್ತು. ಟಿವಿ ಹಚ್ಚಿರಬೇಕು ಅಂದುಕೊಂಡೆ. ಮುಂದಿನ ಕೋಣೆಯಲ್ಲಿ ವ್ಯಾಪಾರಿಯವರು ಭಜನೆ ಕೇಳುವ ಬ್ಲೂಟೂತ್ ಸ್ಪೀಕರ್ ಇತ್ತು. ಪಕ್ಕದ ಸ್ಪೀಕರ್ ಬಂದ್ ಆದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಹೋಗಿ ಅದಕ್ಕೆ ಗಂಟುಬಿದ್ದಿತ್ತು. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ವರನ ಅತ್ತೆಯೊಬ್ಬರು ಕೇಳುತ್ತಿದ್ದರು: "ಅತ್ತಿ ಮನ್ಯಾಗ ಹೊಂದ್ಕೊಂಡ ಹೋಗ್ತಿಯೇನವಾ?"

ಅದೇ ಹೊತ್ತಿಗೆ ನನ್ನ ಎದುರಿಗೆ ಮಾಟಗಾತಿ ಬಂದಳು. ಮುಂದಿನ ಕೋಣೆಯಲ್ಲಿ ಭಯಂಕರವಾಗಿ ಕಹಳೆ ಊದಿತು.

"ಏನದು?" ಅಂದರು ವರನ ತಂದೆ.

"ಏನಿಲ್ರಿ, ಬಾಜೂ ಮನ್ಯಾಂದು" ಅಂದರು ವ್ಯಾಪಾರಿ.

"ಸಿಟ್ಟ ಗಿಟ್ಟ ಬರ್ತೈತೇನವಾ?" ಅಂತ ಅತ್ತೆ ಮತ್ತೆ ಕೇಳಿದರು. ನಾನು ಗಾಬರಿಯಲ್ಲಿ ಇದ್ದಬದ್ದ ಬಾಂಬುಗಳನ್ನೆಲ್ಲ ಮಾಟಗಾತಿಯ ಮೇಲೆ ಒಗೆದೆ. ಮುಂದಿನ ಕೋಣೆ ಅದುರಿತು. ಹುಡುಗಿ "ಇಲ್ರಿ" ಅಂದದ್ದು ಯಾರಿಗೂ ಕೇಳಲಿಲ್ಲ.

ಪರದೆಯ ಸಂದಿಯಿಂದ ನೋಡಿದೆ. ವ್ಯಾಪಾರಿ ಸ್ಪೀಕರಿನ ಗುಂಡಿ ಯಾವುದು ಅಂತ ತಿಳಿಯದೆ ಅದರ ಮೇಲೆ ದಿಂಬು ಒತ್ತಿ ಹಿಡಿದು ಕೂತಿದ್ದರು, ಮುಖದಲ್ಲಿ ರಕ್ತ ಇರಲಿಲ್ಲ. ವರನ ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ವರ ಮಾತ್ರ ಬಂದಾಗಿನಿಂದ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಅಷ್ಟು ಹೊತ್ತಿಗೆ ಎಲ್ಲಾ ತಿಳಿಯಿತು. ಇನ್ನೇನು ಬಂದ್ ಮಾಡಬೇಕು ಅನ್ನುವಷ್ಟರಲ್ಲಿ ಮೇಲಿಂದ ಕಲ್ಲು ಬಿತ್ತು. ನಾನು ಸತ್ತೆ.

ಆ ಮಾಡಿನಲ್ಲಿ ಸಾವಿನ ಸಂಗೀತವನ್ನು ಬಹಳ ಮನಸ್ಸಿಟ್ಟು ಮಾಡಿದ್ದಾರೆ. ದಿಂಬಿನ ಕೆಳಗಿನಿಂದ ಪಿಟೀಲು ಸಣ್ಣಗೆ ಅಳಲಿಕ್ಕೆ ಶುರುವಾಯಿತು.

ವರ ತಲೆ ಎತ್ತಿದ. "ಒಳಗ ಯಾರೋ ಸತ್ರು" ಅಂದ.

ಅತ್ತೆ ಎದೆ ಮುಟ್ಟಿಕೊಂಡರು. ವರ ಹುಡುಗಿಯನ್ನು ಮೊದಲ ಸಲ ನೇರವಾಗಿ ನೋಡಿ ಕೇಳಿದ: "ಕಡೀ ಕೋಟಿ ಅಲ್ಲೇನ್ರಿ ಅದು? ಎಷ್ಟ ಜೀವ ಉಳದಾವು?"

"ಒಂದ್ರಿ" ಅಂದಳು ಅವಳು.

"ನೀವು ಇಲ್ಲಿ ಅದೀರಿ. ಮತ್ತ ಒಳಗ ಆಡಾಕತ್ತಾವರು ಯಾರು?"

"ರಿಪೇರಿ ಕಾಕಾರ್ರಿ."

"ಮೊದಲ ಅವರನ್ನ ಎಬ್ಬಸ್ರಿ" ಅಂತ ವರ ಎದ್ದೇಬಿಟ್ಟ.

ಅವಳು ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟು ಓಡಿ ಬಂದಳು, ಹಿಂದೆ ವರ. ನನ್ನ ಕೈಯಿಂದ ರಿಮೋಟ್ ಕಸಿದುಕೊಂಡಳು. ಹಿರಿಯರೆಲ್ಲ ಬಾಗಿಲಲ್ಲಿ ಬಂದು ನಿಂತರು. "ಎಡಕ್ಕ ಹೋಗ್ರಿ" ಅಂದ ವರ. "ಸುಮ್ನ ಕೂಡ್ರಿ, ನನಗ ಗೊತ್ತೈತಿ" ಅಂದಳು ಅವಳು. ವ್ಯಾಪಾರಿ ಕಣ್ಣು ಮುಚ್ಚಿಕೊಂಡರು. ವರ ಸುಮ್ಮನೆ ಕೂತ. ಅವಳು ಬಲಕ್ಕೇ ಹೋದಳು, ಕಲ್ಲು ತಪ್ಪಿಸಿದಳು, ಮಾಟಗಾತಿಯನ್ನು ಕೆಡವಿದಳು. ಮುಂದಿನ ಕೋಣೆಯಲ್ಲಿ ಜಯದ ತುತ್ತೂರಿ ಮೊಳಗಿತು. ವರ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ. ಅವನು ಚಪ್ಪಾಳೆ ತಟ್ಟುವುದನ್ನು ಅವನ ತಾಯಿ ಬೆರಗಾಗಿ ನೋಡಿದರು.

ಸಂಬಂಧ ಅಲ್ಲೇ ಕೂಡಿತು. ಎಲ್ಲರೂ ಫಳಾರಕ್ಕೆ ಕೂತಾಗ ನಾನು ಬ್ಯಾಗು ಹೆಗಲಿಗೆ ಹಾಕಿ ಮೆಲ್ಲಗೆ ಹೊರಗೆ ಜಾರುತ್ತಿದ್ದೆ. ವರನ ತಂದೆ ಕರೆದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು, ತಮ್ಮ ತಟ್ಟೆಯ ಉಂಡಿ ತೆಗೆದು ನನ್ನ ಕೈಗಿಟ್ಟರು.

"ನಮ್ಮ ಹುಡುಗ ಇದರಕಿಂತ ಮೊದಲ ಭಾಳ ಮನೀಗೆ ಹೋಗಿದ್ದ. ಒಂದ ಕಡೆನೂ ತಲಿ ಎತ್ತಿ ಹುಡುಗಿ ಮಾರಿ ನೋಡಿದ್ದಿಲ್ಲ" ಅಂದರು. "ಈ ಲಗ್ನ ಕೂಡಿದ್ದು ನಿಮ್ಮಿಂದ್ರಿ. ಛಲೋ ಆಡಾವರು ಒಳಗ ಕುಂತಿದ್ರ ನಮ್ಮ ಹುಡುಗ ಇವತ್ತೂ ನೆಲಾನ ನೋಡ್ಕೋತ ಕುಂದರ್ತಿದ್ದ."